ಹಿಂಭಾರ

ಭದ್ರಾವತಿಯ ಮೇಸ್ತ್ರಿ ಹೋದ ತಿಂಗಳು ತೀರಿಕೊಂಡರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದರೆ ಅವರ ಹೆಂಡತಿಯ ಒಪ್ಪಿಗೆ ಕೇಳಬೇಕು, ಕೇಳುವ ಮುಖ ನನಗಿಲ್ಲ. ಯಾಕಿಲ್ಲ ಅನ್ನುವುದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಶಿವಮೊಗ್ಗದ ಗ್ಯಾರೇಜುಗಳಲ್ಲೂ ಭದ್ರಾವತಿಯ ವೆಲ್ಡಿಂಗ್ ಶೆಡ್ಡುಗಳಲ್ಲೂ ಎಲ್ಲರೂ ಅವರನ್ನು ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಇಲ್ಲೂ ಹಾಗೇ ಇರಲಿ.

ದೂರದ ಊರುಗಳಲ್ಲಿ ಕೆಟ್ಟು ನಿಂತ, ಗುದ್ದಿಸಿಕೊಂಡು ನಜ್ಜುಗುಜ್ಜಾದ ವ್ಯಾನುಗಳನ್ನು ಟ್ರೇಲರ್ ಮೇಲೆ ಹೇರಿ, ಜೀಪಿಗೆ ಸಿಕ್ಕಿಸಿ, ಊರಿಗೆ ಎಳೆದು ತರುವುದು ಅವರ ಕೆಲಸ. ಮಂಗಳೂರು, ಬಳ್ಳಾರಿ, ಕೊಲ್ಲಾಪುರ. ಒಮ್ಮೆ ತಿರುಪತಿಯಿಂದಲೂ ತಂದಿದ್ದರು. ಅವರು ಶುರು ಮಾಡಿದ ಕಾಲಕ್ಕೆ ನಮ್ಮ ಕಡೆ ಇಂಥ ಟ್ರೇಲರ್ ಇನ್ನೊಬ್ಬರ ಹತ್ತಿರ ಇರಲಿಲ್ಲ. ಹಗ್ಗ ಕಟ್ಟಿ ಎಳೆಯುವುದು, ಇಲ್ಲವಾದರೆ ಲಾರಿಗೆ ಹಾಕಿಕೊಂಡು ಬರುವುದು, ಜನಕ್ಕೆ ಗೊತ್ತಿದ್ದದ್ದು ಇಷ್ಟೇ. ಮೇಸ್ತ್ರಿ ಮೊದಲು ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವರು. ಅಪ್ಪನ ಕಾಲಕ್ಕೆ ಸೇಲಂ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಭದ್ರಾವತಿಯವರೇ ಆಗಿಹೋದ ಮನೆತನ. ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಗುಜರಿಯಿಂದ ಕಬ್ಬಿಣ ತಂದು, ಆರು ತಿಂಗಳು ಕೂತು, ಎರಡು ಚಕ್ರದ ಆ ಟ್ರೇಲರನ್ನು ತಾವೇ ಕಟ್ಟಿದ್ದರು.

ನಾನು ವಿಮೆ ಸರ್ವೇಯರ್ ಆಗಿದ್ದೆ. ಅಪಘಾತವಾದ ಗಾಡಿಯನ್ನು ನೋಡಿ, ಎಷ್ಟು ಹಾಳಾಗಿದೆ, ಯಾಕೆ ಹಾಳಾಯಿತು ಅಂತ ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಇಂಥ ಕೆಲಸದವನನ್ನು ಕಂಡು ಯಾರೂ ಹಲ್ಲು ಬಿಡುವುದಿಲ್ಲ. ನನಗೂ ಮೂಗಿನ ತುದಿಯಲ್ಲೇ ಕೋಪ. ಎದುರಿಗೆ ನಿಂತವನು ಸುಳ್ಳು ಹೇಳುತ್ತಿದ್ದಾನೆ ಅಂತಲೇ ಮಾತು ಶುರು ಮಾಡುವುದು ನನ್ನ ಅಭ್ಯಾಸ. ಅಂಥ ನನಗೆ ಮೊದಲ ದಿನವೇ ಉಗಿದವರು ಮೇಸ್ತ್ರಿ.

ಆ ದಿನ ಭದ್ರಾವತಿಯ ಅವರ ಶೆಡ್ಡಿಗೆ ಒಂದು ವ್ಯಾನು ನೋಡಲು ಹೋಗಿದ್ದೆ. ವ್ಯಾನು ಇನ್ನೂ ಟ್ರೇಲರ್ ಮೇಲೇ ಇತ್ತು, ಜೀಪನ್ನು ಆಗಲೇ ಬಿಚ್ಚಿದ್ದರು. ಚಾಸಿ ನಂಬರ್ ನೋಡೋಣ ಅಂತ ನಾನು ಯಾರನ್ನೂ ಕೇಳದೆ ಹಿಂದುಗಡೆಯಿಂದ ಟ್ರೇಲರ್ ಹತ್ತಿದೆ. ಹತ್ತಿದ್ದೇ ತಡ, ಮುಂದಿನ ಕಬ್ಬಿಣದ ದಂಡ ನೆಲ ಬಿಟ್ಟು ಮೇಲೇಳತೊಡಗಿತು. ವ್ಯಾನು ನನ್ನ ಮೈಮೇಲೆ ಜಾರಲು ಒಂದು ಗಳಿಗೆ ಸಾಕಿತ್ತು. ಎಲ್ಲಿದ್ದರೋ ಮೇಸ್ತ್ರಿ, ಓಡಿ ಬಂದು ದಂಡದ ಮೇಲೆ ಹೊಟ್ಟೆ ಹಾಕಿ ಜೋತುಬಿದ್ದರು.

"ಇಳೀರಿ ಕೆಳಗೆ! ಓದಿದವ್ರಾ ನೀವು? ಎತ್ತಿನ ಗಾಡಿ ಹತ್ತಿ ಗೊತ್ತಿಲ್ವಾ ಜನ್ಮದಲ್ಲಿ?"

ಇಳಿದೆ. ಜಂಭಕ್ಕೆ ಏನೋ ಗೊಣಗಿದೆ. ಅವರು ಟ್ರೇಲರ್‌ನ ಹಿಂತುದಿಯ ಕೆಳಗೆ ಕಲ್ಲು ಕೊಟ್ಟು, ಕೈ ಒರೆಸಿಕೊಂಡು, ಆಮೇಲೆ ಸಮಾಧಾನವಾಗಿ ಪಾಠ ಹೇಳಿದರು. ಎತ್ತಿನ ಗಾಡಿಯಲ್ಲಿ ನೊಗ ಕಟ್ಟುವ ಮುಂದಿನ ಮರಕ್ಕೆ ಮೂಕಿ ಅನ್ನುತ್ತಾರೆ. ಟ್ರೇಲರ್‌ನಲ್ಲಿ ಜೀಪಿಗೆ ಸಿಕ್ಕಿಸುವ ದಂಡಕ್ಕೂ ಮೇಸ್ತ್ರಿ ಅದೇ ಹೆಸರಿಟ್ಟಿದ್ದರು.

"ಮೂಕಿ ಮೇಲೆ ಸ್ವಲ್ಪ ಭಾರ ಯಾವಾಗ್ಲೂ ಇರ್ಬೇಕು ಸಾರ್. ಭಾರ ಹಿಂದಕ್ಕೆ ಹೋದ್ರೆ ಹಿಂಭಾರ. ಎತ್ತಿನ ಗಾಡೀಲಿ ಹಿಂಭಾರ ಆದ್ರೆ ಎತ್ತಿನ ಕುತ್ತಿಗೆ ಬಿಗಿಯುತ್ತೆ, ಪಾಪ, ಅದು ನಿಂತುಬಿಡುತ್ತೆ. ಜೀಪಿಗೆ ಕುತ್ತಿಗೆ ಎಲ್ಲಿದೆ? ಅದು ಓಡ್ತಾನೇ ಇರುತ್ತೆ. ಟ್ರೇಲರ್ ಹಿಂದೆ ಬಾಲ ಆಡ್ಸೋಕೆ ಶುರು ಮಾಡುತ್ತೆ. ಆಡ್ಸೋಕೆ ಬಿಟ್ರೆ ಮುಗೀತು, ಜೀಪನ್ನೂ ಎತ್ತಿ ಒಗೆಯುತ್ತೆ."

ನಮ್ಮ ಕಡೆ ಓಡಾಡುವ ಸಣ್ಣ ವ್ಯಾನುಗಳಿಗೆ ಇಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಭಾರವೆಲ್ಲ ಮೂತಿಯ ಕಡೆ. ಹಾಗಾಗಿ ಟ್ರೇಲರ್ ಮೇಲೆ ವ್ಯಾನಿನ ಮೂತಿ ಜೀಪಿನ ಕಡೆಗೇ ಇರಬೇಕು. ತಿರುಗಿಸಿ ಹೇರಿದರೆ ಹಿಂಭಾರ. ಮೇಸ್ತ್ರಿಯ ಇಡೀ ಶಾಸ್ತ್ರ ಇದೊಂದೇ. "ಮೂತಿ ಮುಂದೆ, ಮಿಕ್ಕಿದ್ದು ದೇವರಿಗೆ ಬಿಟ್ಟಿದ್ದು" ಅನ್ನುತ್ತಿದ್ದರು. ಹೊರಡುವ ಮುಂಚೆ ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ಮೂಕಿ ಹಿಡಿದು ಎತ್ತಿ ನೋಡುವರು. ಸೊಂಟಕ್ಕೆ ತಕ್ಕಷ್ಟು ಭಾರ ಸಿಕ್ಕರೆ ತಲೆ ಆಡಿಸುವರು. ಸಿಗದಿದ್ದರೆ ಕಟ್ಟಿದ್ದೆಲ್ಲ ಬಿಚ್ಚಿ ಮತ್ತೆ ಹೇರುವರು, ಎಷ್ಟೇ ಹೊತ್ತಾಗಲಿ. ನಾನು ಆ ಪಾಠವನ್ನು ಹೊತ್ತುಕೊಂಡು ಬಂದು ನನ್ನ ವರದಿಗಳಲ್ಲಿ ಬರೆದೆ. ನಾಲ್ಕು ಜಿಲ್ಲೆಯಲ್ಲಿ ಟ್ರೇಲರ್ ವಿಷಯ ಬಂದರೆ ನನ್ನನ್ನು ಕೇಳುವಷ್ಟು ದೊಡ್ಡ ಮನುಷ್ಯನಾದೆ. ಕಲಿಸಿದವರು ಯಾರು ಅಂತ ಒಂದು ವರದಿಯಲ್ಲೂ ಬರೆಯಲಿಲ್ಲ ಅನ್ನಿ.

ಹೀಗೆ ಶುರುವಾದ ಪರಿಚಯ ಇಪ್ಪತ್ತೆರಡು ವರ್ಷ ನಡೆಯಿತು. ಗೆಳೆತನ ಅಂತ ಹೇಳಲಾರೆ. ಅವರು ಕೊನೆಯವರೆಗೂ ನನ್ನನ್ನು ಸಾರ್ ಅಂದರು, ನಾನು ಒಮ್ಮೆಯೂ ಅವರ ಮನೆಯಲ್ಲಿ ಊಟ ಮಾಡಲಿಲ್ಲ. ಆದರೆ ಹೆಣ ಬಿದ್ದ ಗಾಡಿಗಳ ಸುತ್ತ ಜೊತೆಯಾಗಿ ನಿಂತವರ ನಡುವೆ ಒಂದು ಸಲಿಗೆ ಬಂದುಬಿಡುತ್ತದೆ.

ಅವರಿಗೂ ನನಗೂ ತಪ್ಪದೆ ಜಗಳವಾಗುತ್ತಿದ್ದದ್ದು ರಕ್ತದ ವಿಷಯಕ್ಕೆ. ಸಾವಾದ ವ್ಯಾನನ್ನು ಮೇಸ್ತ್ರಿ ತೊಳೆಯದೆ ಯಾರ ಮನೆ ಬಾಗಿಲಿಗೂ ತರುತ್ತಿರಲಿಲ್ಲ. ಊರು ಇನ್ನೂ ನಾಲ್ಕು ಮೈಲಿ ಇದೆ ಅನ್ನುವಾಗ ಕಾಲುವೆ ಪಕ್ಕ ನಿಲ್ಲಿಸಿ, ಬಕೆಟ್ಟು ತೆಗೆದು, ಸೀಟು, ನೆಲ, ಬಾಗಿಲು ಎಲ್ಲ ಉಜ್ಜುವರು. ಸಾಕ್ಷಿ ಅಳಿಸಿ ಹಾಕುತ್ತೀರಿ ಅಂತ ನಾನು ಕೂಗಾಡುತ್ತಿದ್ದೆ.

"ನಿಮ್ಮ ಫೋಟೋ ಹೊಡೆದಾಯ್ತಾ ಸಾರ್? ಆಯ್ತಲ್ಲ. ಇನ್ನು ಸುಮ್ನಿರಿ. ಹೆತ್ತವಳು ಬಂದು ಆ ಸೀಟು ಮುಟ್ತಾಳೆ. ನಿಮಗೆ ಅದು ಗೊತ್ತಿಲ್ಲ, ನೀವು ಆಫೀಸಿಗೆ ಹೋಗಿರ್ತೀರಿ."

ಗಾಡಿಯೊಳಗೆ ಸಿಕ್ಕಿದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ ತರುತ್ತಿದ್ದರು. ಬಾಚಣಿಗೆ, ಕನ್ನಡಕದ ಕಡ್ಡಿ, ಅರ್ಧ ತಿಂದ ಬಿಸ್ಕತ್ ಪೊಟ್ಟಣ. ಒಮ್ಮೆ ಒಂಟಿ ಚಪ್ಪಲಿಯೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು. ಏನು ಮೇಸ್ತ್ರಿ, ಬಿಸಾಕಿ ಅಂದೆ. "ತಗೊಂಡು ಹೋದ್ರೆ ಬೈತಾರೆ ಸಾರ್, ಬಿಟ್ಟು ಹೋದ್ರೆ ಅಳ್ತಾರೆ. ಬೈಯ್ಸಿಕೊಳ್ಳೋದೇ ವಾಸಿ" ಅಂದು ಚೀಲಕ್ಕೆ ಹಾಕಿಕೊಂಡರು. ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಆವತ್ತು.

ಇನ್ನೊಂದು ತಾಪತ್ರಯ ನಮ್ಮ ಕಡೆಯ ಕೆಲವು ಮನೆಗಳ ನಂಬಿಕೆಯದು. ಸಾವು ಕಂಡ ಗಾಡಿ ಮನೆಗೆ ಮುಖ ಕೊಟ್ಟು ಬರಬಾರದು, ಬೆನ್ನು ಕೊಟ್ಟು ಬರಬೇಕು ಅನ್ನುತ್ತಾರೆ. ಮುಖ ಕೊಟ್ಟು ಬಂದರೆ ಸಾವು ದಾರಿ ಗುರುತು ಹಿಡಿದು ಇನ್ನೊಬ್ಬರನ್ನು ಕರೆಯುತ್ತದಂತೆ. ಅದಕ್ಕೆ ವ್ಯಾನನ್ನು ಟ್ರೇಲರ್ ಮೇಲೆ ತಿರುಗಿಸಿ ಹೇರಿ ಅಂತ ದುಂಬಾಲು ಬೀಳುವವರು ಬೇಕಾದಷ್ಟು ಜನ. ಕುಂಸಿಯ ಒಂದು ಮನೆಯವರಂತೂ ಹಾಗೆ ತರದಿದ್ದರೆ ಗಾಡಿಯೇ ಬೇಡ ಅಂದರು. ಮೇಸ್ತ್ರಿ ಕೈ ಮುಗಿದು, "ನಿಮ್ಮ ಶಾಸ್ತ್ರಕ್ಕೆ ನಾನು ಅಡ್ಡ ಬರಲ್ಲಪ್ಪ. ರೋಡ್ ಮೇಲೆ ನನ್ನ ಶಾಸ್ತ್ರ, ಬೀದೀಲಿ ನಿಮ್ಮದು" ಅಂದರು. ಮೂತಿ ಮುಂದೆ ಮಾಡಿಯೇ ತಂದು, ಅವರ ಬೀದಿಯ ತುದಿಯಲ್ಲಿ ವ್ಯಾನು ಇಳಿಸಿ, ತಿರುಗಿಸಿ, ಸುಡು ಬಿಸಿಲಲ್ಲಿ ಮನೆ ಬಾಗಿಲವರೆಗೆ ಹಿಮ್ಮುಖವಾಗಿ ತಳ್ಳಿಕೊಂಡು ಹೋದರು. ನಾನೂ ಹೆಗಲು ಕೊಟ್ಟಿದ್ದೆ. ಆ ಮನೆಯ ಹಿರಿಯಳು ಬಂದು ಮೇಸ್ತ್ರಿಯ ಕೈ ಹಿಡಿದುಕೊಂಡಳು. ಅವರು ಟ್ರೇಲರ್ ಎಳೆದದ್ದನ್ನು ನಾನು ಕಂಡ ಹದಿನೆಂಟು ವರ್ಷದಲ್ಲಿ ಯಾರು ಬೈದರೂ, ಯಾರು ಅತ್ತರೂ, ಒಬ್ಬ ಎಮ್ಮೆಲ್ಲೆಯ ಕಡೆಯವನು ಬಂದು ಗದರಿಸಿದರೂ, ಅವರು ಒಂದೇ ಒಂದು ವ್ಯಾನನ್ನೂ ತಿರುಗಿಸಿ ಹೇರಿದವರಲ್ಲ.

ಒಂದನ್ನು ಹೇರಿದರು. ಹೇರಿಸಿದವನು ನಾನು.

ನನ್ನ ಅಣ್ಣನಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಚಾದರ, ಟವೆಲ್ಲು ತರಲು ತನ್ನ ವ್ಯಾನಿನಲ್ಲಿ ತಾನೇ ಸೊಲ್ಲಾಪುರಕ್ಕೆ ಹೋಗಿ ಬರುತ್ತಿದ್ದ. ನಾಲ್ಕು ವರ್ಷದ ಹಿಂದೆ ಸೊಲ್ಲಾಪುರ ಬಿಟ್ಟು ಅರ್ಧ ಗಂಟೆಗೆ ಎದೆನೋವು ಬಂದು, ವ್ಯಾನು ಮರಕ್ಕೆ ಗುದ್ದಿ ನಿಂತಿತು. ಜನ ಬಂದು ಬಾಗಿಲು ತೆಗೆಯುವ ಹೊತ್ತಿಗೆ ಅಣ್ಣ ಇರಲಿಲ್ಲ. ಆಂಬುಲೆನ್ಸಿನಲ್ಲಿ ತಂದು ಮಣ್ಣು ಮಾಡಿದೆವು. ವ್ಯಾನು ಅಲ್ಲಿನ ಠಾಣೆಯ ಅಂಗಳದಲ್ಲಿ ಉಳಿಯಿತು. ಹತ್ತು ದಿನದ ಮೇಲೆ ಬಿಡುಗಡೆಯ ಕಾಗದ ಬಂತು. ಮೇಸ್ತ್ರಿಗೆ ಫೋನ್ ಮಾಡಿದೆ. "ಅಣ್ಣೋರ ಗಾಡಿನಾ ಸಾರ್? ಈಗಲೇ ಹೊರಟೆ" ಅಂದರು.

ಅವ್ವನಿಗೆ ಆಗ ಎಂಬತ್ತೆರಡು. ಹಿರಿ ಮಗನನ್ನು ಮಣ್ಣಿಗಿಟ್ಟ ದಿನದಿಂದ ಹಾಲು, ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ. ವ್ಯಾನು ಬರುತ್ತದೆ ಅಂತ ಗೊತ್ತಾದ ಕೂಡಲೇ ಎದ್ದು ಕೂತಳು.

"ಆ ಗಾಡಿ ಈ ಮನೆ ಕಡೆ ಮುಖ ಮಾಡಿ ಒಂದು ಹೆಜ್ಜೆನೂ ಇಡಬಾರ್ದು. ಅಲ್ಲಿಂದಲೇ ಬೆನ್ನು ತಿರುಗಿಸಿ ತರ್ಬೇಕು."

"ಬೀದಿ ತುದೀಲಿ ತಿರುಗಿಸ್ತೀವಿ ಅವ್ವ."

"ಅಲ್ಲಿಂದಲೇ ಅಂದೆ. ಒಬ್ಬನ್ನ ಕಳ್ಕೊಂಡಿದೀನಿ, ಇನ್ನೊಬ್ಬ ನೀನಿದೀಯ. ಫೋಟೋ ತರ್ಸಿ ತೋರ್ಸು. ನೋಡೋವರೆಗೂ ನೀರೂ ಮುಟ್ಟಲ್ಲ."

ನೀರೂ ಮುಟ್ಟಲಿಲ್ಲ. ಮಾರನೇ ಬೆಳಗಿನ ಹೊತ್ತಿಗೆ ತುಟಿ ಒಡೆದಿತ್ತು. ನನಗೆ ತಲೆ ಕೆಟ್ಟುಹೋಯಿತು. ಸೊಲ್ಲಾಪುರ ಮುಟ್ಟಿದ್ದ ಮೇಸ್ತ್ರಿಗೆ ಫೋನ್ ಮಾಡಿದೆ.

"ಮೇಸ್ತ್ರಿ, ವ್ಯಾನು ತಿರುಗಿಸಿ ಹೇರಿ."

"ಸಾರ್, ನೀವಾ ಹೇಳ್ತಿರೋದು?"

"ನಾನೇ. ಅವ್ವ ನೀರು ಬಿಟ್ಟು ಕೂತಿದಾಳೆ. ಹೇರಿದ ಮೇಲೆ ಫೋಟೋ ಬೇಕಂತೆ."

"ಅಷ್ಟೇ ತಾನೇ? ಫೋಟೋಗೆ ಹಂಗೆ ಹೇರ್ತೀನಿ. ಆಮೇಲೆ ಇಳಿಸಿ ಸರಿಯಾಗಿ ಹೇರ್ಕೊಂಡು ಬರ್ತೀನಿ ಬಿಡಿ. ಅಮ್ಮೋರು ಊಟ ಮಾಡ್ಲಿ."

ಎಂಥ ಸುಲಭದ ದಾರಿ! ನಾನು ಹೂಂ ಅಂದಿದ್ದರೆ ಇವತ್ತು ಈ ಬರಹವೇ ಇರುತ್ತಿರಲಿಲ್ಲ. ಆದರೆ ನನಗೆ ಆವತ್ತು ಹರಿಶ್ಚಂದ್ರನಾಗುವ ಹುಚ್ಚು ಹತ್ತಿತ್ತು.

"ಅಣ್ಣನ ಸಾವಿನ ವಿಷಯದಲ್ಲಿ ಅವ್ವನಿಗೆ ಸುಳ್ಳು ಹೇಳಲ್ಲ ನಾನು. ಹದಿನೆಂಟು ವರ್ಷದಲ್ಲಿ ನಿಮ್ಮನ್ನ ಏನಾದ್ರೂ ಕೇಳಿದೀನಾ ಮೇಸ್ತ್ರಿ?"

"ಇಲ್ಲ ಸಾರ್."

"ಈಗ ಕೇಳ್ತಿದೀನಿ. ಇದೊಂದ್ಸಲ."

ಅವರು ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. "ಆಯ್ತು ಸಾರ್. ಆದಷ್ಟು ಮುಂದಕ್ಕೆ ತಳ್ಳಿ ಕಟ್ಕೊಂಡು, ನಿಧಾನಕ್ಕೆ ಬರ್ತೀನಿ" ಅಂದರು. ಅರ್ಧ ಗಂಟೆಯಲ್ಲಿ ಫೋಟೋ ಬಂತು. ಅವ್ವ ಕನ್ನಡಕ ಹಾಕಿಕೊಂಡು ನೋಡಿ, ಒಂದು ಲೋಟ ನೀರು ಕುಡಿದಳು. ನಾನು ಗೆದ್ದವನ ಹಾಗೆ ಹೋಗಿ ಸ್ನಾನ ಮಾಡಿದೆ.

ಹಾವೇರಿ ದಾಟಿದ ಮೇಲೆ ಹೆದ್ದಾರಿಯ ಒಂದು ಇಳಿಜಾರಿನಲ್ಲಿ ಅದು ಆಯಿತು. ಹಾಡಹಗಲು. ನೋಡಿದವನು ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಜೀಪು ನಿಧಾನಕ್ಕೇ ಬರುತ್ತಿತ್ತಂತೆ. ಬಸ್ಸೊಂದು ಭರ್ರನೆ ದಾಟಿ ಹೋಗಿದೆ. ಆ ಗಾಳಿಗೆ ಟ್ರೇಲರ್ ಒಮ್ಮೆ ಬಾಲ ಆಡಿಸಿದೆ, ಇನ್ನೊಮ್ಮೆ, ಮತ್ತೊಮ್ಮೆ. ಎದುರಿಗೆ ಶಾಮಿಯಾನ ತುಂಬಿದ ಗಾಡಿಯೊಂದು ನಿಂತಿತ್ತು, ಅದರ ಸುತ್ತ ಜನ. ಮೇಸ್ತ್ರಿ ಜೀಪನ್ನು ಹೊಲದ ಕಡೆ ಎಳೆದಿದ್ದಾರೆ. ಜೀಪು ಎರಡು ಪಲ್ಟಿ ಹೊಡೆಯಿತು. ಜನಕ್ಕೆ ಏನೂ ಆಗಲಿಲ್ಲ. ಮೇಸ್ತ್ರಿಯ ತಲೆಗೆ ಪೆಟ್ಟು ಬಿತ್ತು, ಬಲಗೈ ಮೂರು ಕಡೆ ಮುರಿಯಿತು, ಅವರ ಫೋನು ಪುಡಿಯಾಯಿತು.

ಆಸ್ಪತ್ರೆಯಲ್ಲಿ ಒಂಬತ್ತನೇ ದಿನ ಅವರಿಗೆ ಪೂರ್ತಿ ಎಚ್ಚರವಾಯಿತು. ಹೆಂಡತಿಯನ್ನು ಗುರುತು ಹಿಡಿದರು, ನನ್ನನ್ನೂ ಹಿಡಿದರು. ಆದರೆ ಆ ಎರಡು ದಿನ ಅವರ ತಲೆಯಿಂದ ಒರೆಸಿಹೋಗಿತ್ತು. ಭದ್ರಾವತಿಯಿಂದ ಹೊರಟದ್ದು ನೆನಪಿದೆ, ಮುಂದಿನದು ಇಲ್ಲ. ಪೆಟ್ಟು ಬಿದ್ದಾಗ ಹೀಗಾಗುತ್ತದೆ, ಬುದ್ಧಿಗೆ ಏನೂ ಆಗಿಲ್ಲ ಅಂದರು ಡಾಕ್ಟರು. ಮೇಸ್ತ್ರಿ ನನ್ನನ್ನು ಹತ್ತಿರ ಕರೆದು ಕೇಳಿದರು.

"ಸಾರ್, ಯಾರೋ ಬಂದವ್ರು ಹೇಳಿದ್ರು, ವ್ಯಾನು ಉಲ್ಟಾ ಹೇರಿತ್ತಂತೆ. ನಿಜವಾ?"

"ಹೌದು ಮೇಸ್ತ್ರಿ."

"ನಾನಾ ಹೇರಿದ್ದು?"

ಆವತ್ತೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಮಂಚದ ಆ ಕಡೆ ಅವರ ಹೆಂಡತಿ ಕೂತಿದ್ದರು, ಕಣ್ಣು ಊದಿತ್ತು. "ಈಗ ಅದೆಲ್ಲ ಯಾಕೆ, ರೆಸ್ಟ್ ಮಾಡಿ" ಅಂದುಬಿಟ್ಟೆ. ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು ಫೋನಿನಿಂದ ಆ ಫೋಟೋ ಅಳಿಸಿದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಆವತ್ತು ಆಗಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಒಂದು ಮಾತಿತ್ತು. ಅಪಘಾತದ ವರದಿ ಬರೆಯಲು ಬಂದ ಹೊಸ ಸರ್ವೇಯರ್ ನನ್ನ ಮನೆಗೇ ಬಂದ, ಹಿರಿಯರು ಅಂತ. ಇಷ್ಟು ಅನುಭವ ಇದ್ದವರು ಯಾಕೆ ಸಾರ್ ಹಾಗೆ ಹೇರಿದರು ಅಂತ ಕೇಳಿದ. ಒಳಮನೆಯಲ್ಲಿ ಅವ್ವ ಕೂತಿದ್ದಳು. ಅವಳ ಹಟದಿಂದ ಒಬ್ಬರು ಸಾಯುವಂತಾದರು ಅಂತ ಅವಳ ಕಿವಿಗೆ ಬೀಳಬಾರದು ಅಂತ ನನಗೆ ನಾನೇ ಹೇಳಿಕೊಂಡೆ.

"ವಯಸ್ಸಾಯ್ತಲ್ಲಪ್ಪ. ಗಮನ ತಪ್ಪಿರ್ಬೇಕು" ಅಂದೆ.

ಒಂದು ವಾರದಲ್ಲಿ ಆ ಮಾತು ಶಿವಮೊಗ್ಗದ ಎಲ್ಲಾ ಗ್ಯಾರೇಜು ಸುತ್ತಿ ಭದ್ರಾವತಿ ಮುಟ್ಟಿತು. ಮೇಸ್ತ್ರಿಗೆ ಅರಳು ಮರಳಂತೆ, ಮುಂದು ಯಾವುದು ಹಿಂದು ಯಾವುದು ಗೊತ್ತಾಗಲ್ಲವಂತೆ. ಅವರ ಕೈಲಿ ವೆಲ್ಡಿಂಗ್ ಕಲಿತವರೇ ಟೀ ಅಂಗಡಿಯಲ್ಲಿ ನಕ್ಕರು. ಅವ್ವನಿಗೆ ದಾರಿಯಲ್ಲಿ ಹೀಗಾಯಿತು ಅಂದಾಗ, "ನೋಡ್ದೆಯಾ, ಆ ಗಾಡಿಗೇ ದೋಷ ಇತ್ತು. ಮನೆಗೆ ಬಾರ್ದೇ ಇದ್ದದ್ದೇ ಒಳ್ಳೇದಾಯ್ತು" ಅಂದಳು. ನಾನು ಹೂಂಗುಟ್ಟಿದೆ.

ಕೈ ಕೂಡಿದ ಮೇಲೂ ಮೇಸ್ತ್ರಿ ಸ್ಟೇರಿಂಗ್ ಹಿಡಿಯಲಿಲ್ಲ. ಪೊಲೀಸರು ಬಿಟ್ಟುಕೊಟ್ಟ ಟ್ರೇಲರನ್ನು ರಿಪೇರಿ ಮಾಡಬಹುದಿತ್ತು, ಬೇಕಾದವರೂ ಇದ್ದರು. ಅವರು ಯಾರಿಗೂ ಕೊಡಲಿಲ್ಲ. ಶೆಡ್ಡಿನ ಮುಂದೆ ಕೂತು, ಎಡಗೈಯಲ್ಲಿ ಗ್ಯಾಸ್ ಕಟರ್ ಹಿಡಿದು, ಎರಡು ದಿನ ಅದನ್ನು ತುಂಡು ತುಂಡು ಮಾಡಿದರು. ನಾನು ಹೋದಾಗ ಮೂಕಿ ಕೊಯ್ಯುತ್ತಿದ್ದರು. ಯಾಕೆ ಮೇಸ್ತ್ರಿ ಅಂದೆ.

"ಗೊತ್ತಿಲ್ದೆ ತಪ್ಪು ಮಾಡಿದ್ರೆ ಕಲೀಬಹುದು ಸಾರ್. ಗೊತ್ತಿದ್ದೂ ಮಾಡಿದೀನಿ. ಅಂದ್ರೆ ತಲೆ ಹೋಗಿದೆ. ತಲೆ ಹೋದವನು ರೋಡಿಗೆ ಇಳೀಬಾರ್ದು."

ಅಲ್ಲಿಂದ ಮುಂದೆ ಅವರು ತಮ್ಮನ್ನು ತಾವೇ ನಂಬುವುದನ್ನು ಬಿಟ್ಟರು. ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದೆ, ಹಣ್ಣು ತೆಗೆದುಕೊಂಡು. ಏನು ದೊಡ್ಡ ಉಪಕಾರ ಅಂದುಕೊಳ್ಳಬೇಡಿ, ಹೋಗದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಹೋದಾಗೆಲ್ಲ ಒಂದು ಹೊಸದು ಕಾಣುತ್ತಿತ್ತು. ಬಾಗಿಲ ಚಿಲಕ ಹಾಕಿ ಮತ್ತೆ ಹೋಗಿ ಎಳೆದು ನೋಡುವರು. ಅಂಗಿ ಗುಂಡಿ ಹಾಕಿಕೊಂಡು ಹೆಂಡತಿಯ ಮುಂದೆ ನಿಂತು, ಸರಿ ಇದೆಯಾ ಅನ್ನುವರು. ಅನ್ನಕ್ಕೆ ಸಾರು ಹಾಕಿಕೊಂಡು, ಹಾಕಿಕೊಂಡೆನಾ ಅಂತ ಕೇಳುವರು. ರಸ್ತೆ ದಾಟಲು ಹೆಂಡತಿಯ ಕೈ ಬೇಕಾಯಿತು. ತಿರುಪತಿಯಿಂದ ಭದ್ರಾವತಿಗೆ ಒಬ್ಬರೇ ವ್ಯಾನು ಎಳೆದು ತಂದ ಮನುಷ್ಯ ಮನೆ ಮುಂದಿನ ರಸ್ತೆಯ ಅಂಚಿನಲ್ಲಿ ನಿಂತು ಅತ್ತಿತ್ತ ನೋಡುತ್ತಲೇ ಇರುತ್ತಿದ್ದರು.

ಅವರ ಹೆಂಡತಿ ಗೇಟಿನ ತನಕ ಬಂದು ಒಮ್ಮೆ ಹೇಳಿದರು. "ಡಾಕ್ಟ್ರು ಮೂರು ಸಲ ನೋಡಿದ್ರು ಸಾರ್. ತಲೆ ಚೆನ್ನಾಗೇ ಇದೆಯಂತೆ. ಇವರು ನಂಬಲ್ಲ. ಯಾಕೆ ಹೇರಿದೆ, ಯಾಕೆ ಹೇರಿದೆ ಅಂತ ಕೂತಲ್ಲೇ ಕೇಳ್ಕೋತಾರೆ. ನೀವಾದ್ರೂ ಒಂದು ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾರೆ."

ನೋಡೋಣಮ್ಮ ಅಂದು ಬಸ್ಸು ಹತ್ತಿದೆ. ಆಗ ಅವ್ವ ಇದ್ದಳು. ಅವ್ವ ಇರುವವರೆಗೆ ಬೇಡ ಅಂತ ನನ್ನ ಲೆಕ್ಕ. ಆಮೇಲೆ ಅವ್ವ ಹೋದಳು. ತಿಥಿ ಮುಗಿಸಿ ಮನೆಗೆ ಬಂದ ದಿನ, ಇನ್ನು ಹೇಳಬಹುದು ಅಂದುಕೊಂಡೆ. ಅಂದುಕೊಂಡು ಹದಿನಾಲ್ಕು ತಿಂಗಳು ಸುಮ್ಮನಿದ್ದೆ. ಅವ್ವನ ಹೆಸರು ಹೇಳಿ ನಾನು ಕಾಪಾಡುತ್ತಿದ್ದದ್ದು ನನ್ನನ್ನೇ ಅನ್ನುವುದು ಆಗ ಗೊತ್ತಾಯಿತು. ಟ್ರೇಲರ್ ವಿಷಯಕ್ಕೆ ನಾಲ್ಕು ಜಿಲ್ಲೆಯವರು ಕೇಳಿ ಬರುವ ದೊಡ್ಡ ಮನುಷ್ಯ ನಾನು, ನಾನೇ ಹಿಂಭಾರ ಹೇರಿಸಿದೆ ಅಂತ ಹೇಗೆ ಹೇಳಲಿ? ಥೂ ನನ್ನ ಜನ್ಮಕ್ಕೆ.

ಈ ವರ್ಷದ ಬೇಸಿಗೆಯಲ್ಲಿ ಮೇಸ್ತ್ರಿಗೆ ಮೂತ್ರಪಿಂಡದ ಕಾಯಿಲೆ ಅಂತ ಗೊತ್ತಾಯಿತು. ಹೆಚ್ಚು ದಿನ ಇಲ್ಲ ಅಂದರು. ಬೆಳಗ್ಗೆ ಎದ್ದವನೇ ಭದ್ರಾವತಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೊಂದು ಮಾತನ್ನೂ ಜೋಡಿಸಿಕೊಂಡೆ, ಪರೀಕ್ಷೆಗೆ ಹೋಗುವವನ ಹಾಗೆ. ಅವರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಮುಖ ಊದಿತ್ತು. ಹೆಂಡತಿ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಅವರೂ ಕೇಳಿಸಿಕೊಳ್ಳಲಿ ಅಂತಲೇ ಅಲ್ಲಿ ಹೇಳಿದೆ.

"ಮೇಸ್ತ್ರಿ, ಆವತ್ತು ವ್ಯಾನು ತಿರುಗಿಸಿ ಹೇರಿ ಅಂದದ್ದು ನಾನು. ನಿಮ್ಮ ತಲೆ ತಪ್ಪಿರಲಿಲ್ಲ. ನೀವು ಹಿಂದೇಟು ಹಾಕಿದ್ರಿ, ನಾನು ಬಲವಂತ ಮಾಡಿದೆ."

ಎಲ್ಲವನ್ನೂ ಹೇಳಿದೆ. ಅವ್ವ ನೀರು ಬಿಟ್ಟದ್ದು, ಫೋಟೋ, ಅವರು ತೋರಿಸಿದ ಸುಲಭದ ದಾರಿ, ನಾನು ಬೇಡ ಅಂದದ್ದು, ಸರ್ವೇಯರ್‌ಗೆ ಹೇಳಿದ ಮಾತು. ಹೇಳುತ್ತಾ ಹೇಳುತ್ತಾ ಅತ್ತೆ. ಅರವತ್ತಾರು ವರ್ಷದ ಗಂಡಸು, ಇನ್ನೊಬ್ಬರ ಜಗಲಿಯಲ್ಲಿ ಕೂತು, ಮೂಗು ಒರೆಸಿಕೊಂಡು ಅತ್ತೆ. ಅವರ ಹೆಂಡತಿಯ ಕೈಯಲ್ಲಿ ಸೊಪ್ಪು ಹಾಗೇ ನಿಂತಿತ್ತು.

ಮೇಸ್ತ್ರಿ ಪೂರ್ತಿ ಕೇಳಿದರು. ನನ್ನ ಮುಖವನ್ನೇ ನೋಡುತ್ತಿದ್ದರು. ಬೈಯಲಿ, ಹೊಡೆಯಲಿ, ಎದ್ದು ಹೋಗು ಅನ್ನಲಿ ಅಂತ ಕಾದೆ. ಅವರು ಮುಗುಳ್ನಕ್ಕರು.

"ಇಲ್ಲ ಸಾರ್. ಹಂಗೆ ಆಗಿರಲ್ಲ."

"ಆಣೆ ಮಾಡಿ ಹೇಳ್ತೀನಿ ಮೇಸ್ತ್ರಿ. ಅವ್ವನ ಆಣೆ."

"ಆಣೆ ಎಲ್ಲ ಯಾಕೆ? ನನಗೆ ನಾನು ಗೊತ್ತಿಲ್ವಾ? ಯಾರು ಹೇಳಿದ್ರೂ ನಾನು ಮೂತಿ ಹಿಂದೆ ಮಾಡಿ ಹೇರೋನಲ್ಲ. ಎಮ್ಮೆಲ್ಲೆ ಕಡೆಯೋನಿಗೇ ಹೇರ್ಲಿಲ್ಲ. ನೀವು ಹೇಳಿದ್ರೂ ಹೇರಲ್ಲ. ತಲೆ ಹೋಗಿತ್ತು ಸಾರ್, ಅಷ್ಟೇ. ಹೋಗ್ಲಿ ಬಿಡಿ."

ಫೋಟೋ ಅಳಿಸಿದ್ದೆ, ಅವರ ಫೋನು ಪುಡಿಯಾಗಿತ್ತು, ಅವ್ವ ಮಣ್ಣಲ್ಲಿದ್ದಳು. ಅವರ ಹೆಂಡತಿಯ ಕಡೆ ನೋಡಿದೆ. ಆಕೆ ನನ್ನನ್ನು ನಂಬಿದ್ದರು. ಆ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಮೇಸ್ತ್ರಿ ಕಷ್ಟಪಟ್ಟು ಮುಂದಕ್ಕೆ ಬಾಗಿ, ಆ ಸೊಟ್ಟಗಾದ ಬಲಗೈಯಿಂದ ನನ್ನ ಮೊಣಕಾಲು ತಟ್ಟಿ, ಹೆಂಡತಿಗೆ ಹೇಳಿದರು.

"ಸಾರ್‌ಗೆ ಕಾಫಿ ಮಾಡ್ಕೊಡೇ. ಪಾಪ, ನನ್ನ ಸಮಾಧಾನಕ್ಕೆ ಒಂದು ಸುಳ್ಳು ಹೇಳೋಕೆ ಶಿವಮೊಗ್ಗದಿಂದ ಬಂದಿದಾರೆ."

ಆಕೆ ಎದ್ದು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಕಾಫಿ ತಂದು ನನ್ನ ಮುಂದೆ ಇಟ್ಟರು. ಕುಡಿದೆ.